ರೇಸ್ ಪ್ಯಾಕ್‌ಗೆ ಹಣ ಕಟ್ಟಿಯೂ ರೇಸ್ ಸಿಗದಿರುವ ಬಗ್ಗೆ ದೂರು

ಕಾಂಕಾರ್ಡ್, ನಾರ್ತ್ ಕ್ಯಾರೊಲೈನಾ
28 ಮೇ 2025

ಟಿವಿ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಈ ಪತ್ರ ಕನ್ನಡದಲ್ಲಿರುವುದಕ್ಕೆ ಕಾರಣ ನಿಮ್ಮವರೇ. ಸೋಮವಾರ ನಾನು ಮೂರನೇ ಸಲ ಫೋನ್ ಮಾಡಿದಾಗ ಸಿಕ್ಕಿದ ಹುಡುಗಿ ನನ್ನ ಇಂಗ್ಲಿಷ್ ಕೇಳಿಯೇ ಊರಿನ ವಾಸನೆ ಹಿಡಿದರು. ಬೆಂಗಳೂರಿನ ಕಾಲ್ ಸೆಂಟರ್‌ನಲ್ಲಿ ರಾತ್ರಿ ಪಾಳಿಯಂತೆ. "ಸರ್, ಕನ್ನಡದಲ್ಲೇ ಬರೆದು ಕಳ್ಸಿ. ನಮ್ ಟೀಮ್ ಲೀಡರ್‌ಗೂ ಕನ್ನಡ ಬರುತ್ತೆ, ಮೇಲಕ್ಕೆ ಮುಟ್ಟಿಸೋದು ನಮ್ ಜವಾಬ್ದಾರಿ" ಎಂದರು. ಅವರ ಮೇಲೆ ನನ್ನ ದೂರಿಲ್ಲ. ನಾಲ್ಕು ತಿಂಗಳಲ್ಲಿ ನಿಮ್ಮ ಕಡೆಯಿಂದ ನಾನು ಕೇಳಿದ ನೆಟ್ಟಗಿನ ಮಾತು ಅದೊಂದೇ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೂ ಷಾರ್ಲೆಟ್ ಮೋಟಾರ್ ಸ್ಪೀಡ್‌ವೇಗೂ ಮೂರು ಮೈಲಿ. ಕಳೆದ ಭಾನುವಾರ, 25ರಂದು, ಅಲ್ಲಿ ಕೋಕಾ-ಕೋಲಾ 600. ನಾಲ್ಕು ನೂರು ಸುತ್ತು, ಆರು ನೂರು ಮೈಲಿ, ಅಮೆರಿಕದ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್‌ನಲ್ಲಿ ಇದಕ್ಕಿಂತ ಉದ್ದದ ರೇಸ್ ಇಲ್ಲ. ಪ್ರತಿ ವರ್ಷ ಟಿಕೆಟ್ ತೆಗೆಯುವವನು ನಾನು. ಈ ಸಲ ಮೂಡುಬಿದಿರೆಯಿಂದ ಅಮ್ಮ ಬಂದಿದ್ದಾರೆ, ಮೊಣಕಾಲು ನೋವು, ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ. ಟಿವಿಯಲ್ಲೇ ನೋಡೋಣ ಎಂದು ಕೂತೆ. ನಿಮ್ಮ 'ರೇಸ್ ಪ್ಯಾಕ್' ಹಾಕಿದರೆ ಯಾವುದೋ ಹಳೆಯ ಅಡುಗೆ ಸ್ಪರ್ಧೆ ಬರುತ್ತಿದೆ. ಕಿಟಕಿಯಿಂದ ನಲವತ್ತು ಕಾರುಗಳ ಸದ್ದು ಬರುತ್ತಿದೆ. ಅಮ್ಮ ಕೇಳಿದರು: "ಶಬ್ದ ಕೇಳ್ತದಲ್ಲ, ಟಿವಿಯಲ್ಲಿ ಯಾಕೆ ಬರುದಿಲ್ಲ?" ನನ್ನ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ಈಗ ನಿಮಗೆ ದಾಟಿಸುತ್ತಿದ್ದೇನೆ.

ಆ ರಾತ್ರಿ ಏನಾಯಿತೆಂದು ಬೆಳಿಗ್ಗೆ ಪಕ್ಕದ ಮನೆಯವರ ಬಾಯಿಂದ ಕೇಳಿದೆ. 400ರಲ್ಲಿ 283 ಸುತ್ತು ವಿಲಿಯಂ ಬೈರನ್ ಮುಂದಿದ್ದ. ಇದೇ ಕಾಂಕಾರ್ಡ್‌ನ ಹೆಂಡ್ರಿಕ್ ತಂಡದವನು. ರಾಸ್ ಚಾಸ್ಟೇನ್‌ನ ಕಾರು ಶನಿವಾರದ ಅಭ್ಯಾಸದಲ್ಲೇ ನುಜ್ಜುಗುಜ್ಜಾಗಿತ್ತು. ಅವನ ತಂಡದವರು ರಾತ್ರಿಯೆಲ್ಲ ಕೂತು ಇನ್ನೊಂದು ಕಾರು ಸಜ್ಜು ಮಾಡಿದ್ದಾರೆ. ಅದರಲ್ಲಿ ಕಟ್ಟಕಡೆಯ ಸ್ಥಾನದಿಂದ ಹೊರಟವನು, ಇನ್ನು ಆರು ಸುತ್ತು ಇದೆ ಎನ್ನುವಾಗ ಬೈರನ್‌ನನ್ನು ದಾಟಿ ಗೆದ್ದ. ಮೂರು ಮೈಲಿ ದೂರದಲ್ಲಿ ನಾನು ಅಡುಗೆಯವರ ಜಗಳ ನೋಡುತ್ತಿದ್ದೆ.

ಫೆಬ್ರವರಿಯಲ್ಲಿ ಈ ಪ್ಯಾಕ್ ಮಾರಿದಾಗ ನಿಮ್ಮ ಪ್ರತಿನಿಧಿ ಹೇಳಿದ್ದು "ಸೀಸನ್ನಿನ ಎಲ್ಲ ಕಪ್ ರೇಸ್‌ಗಳೂ", ಅಂದರೆ ನ್ಯಾಸ್ಕಾರ್‌ನ ಮೇಲ್ದರ್ಜೆಯ ರೇಸ್‌ಗಳೆಲ್ಲ. ತಿಂಗಳಿಗೆ 15 ಡಾಲರ್ ಹೆಚ್ಚುವರಿ. ಪ್ರಸಾರದ ಹೊಸ ಒಪ್ಪಂದ ಗುಟ್ಟಿನದೇನಲ್ಲ: 2025ರಿಂದ 2031ರವರೆಗೆ, ಏಳು ವರ್ಷಕ್ಕೆ 7.7 ಬಿಲಿಯನ್ ಡಾಲರ್. ಮೊದಲ ಭಾಗ ಫಾಕ್ಸ್, ಆಮೇಲೆ ಐದು ರೇಸ್ ಅಮೆಜಾನ್ ಪ್ರೈಮ್ (ಭಾನುವಾರದ್ದೇ ಅದರಲ್ಲಿ ಮೊದಲನೆಯದು), ಮತ್ತೈದು ಟಿಎನ್‌ಟಿ, ಕೊನೆಯ ಹದಿನಾಲ್ಕು ಎನ್‌ಬಿಸಿ ಮತ್ತು ಯುಎಸ್ಎ. ಹಕ್ಕು ಯಾರಿಗೆ ಮಾರಬೇಕೆನ್ನುವುದು ನ್ಯಾಸ್ಕಾರ್‌ನವರ ಇಷ್ಟ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಅಮೆಜಾನ್‌ನ ಐದು ರೇಸ್ ನಿಮ್ಮಲ್ಲಿ ಬರುವುದೇ ಇಲ್ಲ ಎಂದು ಗೊತ್ತಿದ್ದೂ 'ಎಲ್ಲ' ಎಂದು ಮಾರಿದ್ದೀರಲ್ಲ, ದೂರು ಅದಕ್ಕೆ.

ಬಂದ ರೇಸ್‌ಗಳ ಗತಿಯನ್ನೂ ಕೇಳಿ. ಫೆಬ್ರವರಿ 16ರ ಡೇಟೋನಾ 500 ಮಳೆಯಿಂದಾಗಿ ಮೂರು ಗಂಟೆಗೂ ಹೆಚ್ಚು ನಿಂತಿತು. ನಾನು ರೆಕಾರ್ಡಿಂಗ್ ಹಾಕಿ ಹೊರಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ ನಿಮ್ಮ ಸೆಟ್-ಟಾಪ್ ಪೆಟ್ಟಿಗೆ ಮಳೆ ಬೀಳುವುದನ್ನು ಅಚ್ಚುಕಟ್ಟಾಗಿ ರೆಕಾರ್ಡ್ ಮಾಡಿ, ಹಳೆಯ ವೇಳಾಪಟ್ಟಿಯ ಗಂಟೆ ಹೊಡೆದ ತಕ್ಷಣ ನಿಂತಿದೆ. 201ನೇ ಸುತ್ತಿನಲ್ಲಿ ಮುಂದಿದ್ದವರೆಲ್ಲ ಒಬ್ಬರಿಗೊಬ್ಬರು ತಾಗಿ ತಿರುಗಿದ್ದು, ಬೈರನ್ ಹೊರಬದಿಯಿಂದ ನುಸುಳಿ ಸತತ ಎರಡನೇ ವರ್ಷ ಗೆದ್ದದ್ದು ಅದರಲ್ಲಿಲ್ಲ. ಡೇಟೋನಾದ ಕೊನೆಯ ಸುತ್ತು ಇಲ್ಲಿಯವರಿಗೆ ಏನೆಂದು ನಿಮಗೆ ತಿಳಿದಿರಬೇಕು. 1979ರಲ್ಲಿ ಆ ರೇಸ್ ಮೊದಲ ಸಲ ಪೂರ್ತಿ ನೇರಪ್ರಸಾರವಾದಾಗ, ಕೊನೆಯ ಸುತ್ತಿನ ಡಿಕ್ಕಿ ಮತ್ತು ಆಮೇಲಿನ ಹೊಡೆದಾಟ ನೋಡಿದ ಮೇಲೆಯೇ ದೇಶದ ಅರ್ಧ ಜನಕ್ಕೆ ಈ ಹುಚ್ಚು ಹಿಡಿದದ್ದು.

ಇನ್ನು ನಿಮ್ಮ ಆ್ಯಪ್. 'ನೆಚ್ಚಿನ ಚಾಲಕ' ಆರಿಸಿದರೆ ಸುದ್ದಿ ಕಳಿಸುತ್ತೇವೆ ಎನ್ನುತ್ತೀರಿ. ನನ್ನ ಮಗಳು ಜೋಶ್ ಬೆರಿಯನ್ನು ಆರಿಸಿದ್ದಾಳೆ. ಕಳೆದ ವರ್ಷ ಅವನು ಸ್ಟೀವರ್ಟ್-ಹಾಸ್ ತಂಡದಲ್ಲಿ 4ನೇ ನಂಬರ್ ಕಾರು ಓಡಿಸುತ್ತಿದ್ದ. ಸೀಸನ್ ಮುಗಿಯುತ್ತಲೇ ಆ ತಂಡವೇ ಬಾಗಿಲು ಹಾಕಿತು. ಅಲ್ಲಿದ್ದ ಇನ್ನೊಬ್ಬ ಚಾಲಕ ಬ್ರಿಸ್ಕೋ, ಟ್ರೂಎಕ್ಸ್ ಓಡಿಸುತ್ತಿದ್ದ 19ನೇ ಕಾರಿಗೆ ಹೋದ, ಬೆರಿ ವುಡ್ ಬ್ರದರ್ಸ್ ತಂಡದ 21ಕ್ಕೆ ಬಂದ, 4ನೇ ನಂಬರ್ ಬೇರೆ ತಂಡದಲ್ಲಿ ನೋವಾ ಗ್ರಾಗ್ಸನ್ ಕೈಗೆ ಹೋಯಿತು. ಮಾರ್ಚ್ 16ರಂದು ಲಾಸ್ ವೇಗಸ್‌ನಲ್ಲಿ ಬೆರಿ ತನ್ನ ಮೊದಲ ಕಪ್ ರೇಸ್ ಗೆದ್ದ. ಮಗಳ ಫೋನಿಗೆ ಬಂದದ್ದು ಬೆರಿಯ ಫೋಟೊ, ಕೆಳಗೆ ಗ್ರಾಗ್ಸನ್‌ನ ಫಲಿತಾಂಶ. "ಅಪ್ಪ, ಇವ್ರಿಗೆ ರೇಸ್ ಗೊತ್ತೇ ಇಲ್ವಾ?" ಎಂದಳು.

ಇದು ಸಣ್ಣ ತಪ್ಪು ಎನ್ನಬೇಡಿ. ನಂಬರ್ ಎಂದರೆ ಇಲ್ಲಿ ಮನೆತನದ ಹೆಸರಿದ್ದ ಹಾಗೆ. 2001ರಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಡೇಟೋನಾದಲ್ಲಿ ತೀರಿಕೊಂಡ ಮೇಲೆ ಮಾಲೀಕರು ಅವನ 3ನೇ ನಂಬರನ್ನು ಕಪ್ ರೇಸ್‌ಗಳಲ್ಲಿ 2014ರವರೆಗೆ ಹೊರತೆಗೆಯಲೇ ಇಲ್ಲ. ನಮ್ಮೂರ ಕಂಬಳದಲ್ಲೂ ಕೋಣ ಒಂದು ಮನೆಯದು, ಓಡಿಸುವವನು ಬೇರೆಯವನು. ಜನ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಇಡುತ್ತಾರೆ. ಹಾಗೆ ನೋಡಿದರೆ ಚಾಲಕರನ್ನು ಹೀಗೆ ವರ್ಷ ವರ್ಷ ಬದಲಿಸುವುದೇ ನನಗೆ ಹಿಡಿಸುವುದಿಲ್ಲ. ವುಡ್ ಬ್ರದರ್ಸ್‌ಗೆ ನೂರನೇ ಗೆಲುವು ತಂದುಕೊಟ್ಟ ಹ್ಯಾರಿಸನ್ ಬರ್ಟನ್‌ನ ಸೀಟು ಅವನು ಗೆಲ್ಲುವ ಮೊದಲೇ ಬೆರಿಗೆ ಹೋಗಿತ್ತು. ಮಗಳಿಗೆ ಖುಷಿ, ನನಗೆ ಪಾಪ ಅನಿಸಿತು. ಇರಲಿ, ಅದು ನಿಮ್ಮ ಕೈಯಲ್ಲಿಲ್ಲ. ಬದಲಾದದ್ದನ್ನು ಪಟ್ಟಿಯಲ್ಲಿ ತಿದ್ದುವುದು ನಿಮ್ಮ ಕೈಯಲ್ಲಿದೆ.

ಜಾಹೀರಾತಿನದೂ ಒಂದು ಮಾತು. ಚಾನೆಲ್‌ನವರು ಪರದೆ ಎರಡು ಭಾಗ ಮಾಡಿ ಒಂದು ಕಡೆ ರೇಸ್ ಉಳಿಸುತ್ತಾರೆ. ಅದರ ಮೇಲೆ ನಿಮ್ಮ ಸ್ಥಳೀಯ ಜಾಹೀರಾತು, ಮನೆಯ ಮಾಡು ರಿಪೇರಿಯದು, ಇಡೀ ಪರದೆ ತುಂಬಾ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ಮುಂದಿದ್ದವನು ಚಕ್ರ ಬದಲಿಸಲು ಪಿಟ್‌ನಲ್ಲಿರುತ್ತಾನೆ.

ನಾನು ಕೇಳುವುದಿಷ್ಟು. ಫೆಬ್ರವರಿಯಿಂದ ಮೇವರೆಗಿನ ಹೆಚ್ಚುವರಿ 60 ಡಾಲರ್ ಹಿಂತಿರುಗಿಸಿ. ಟಿಎನ್‌ಟಿಯ ಐದು ರೇಸ್ ನನ್ನ ಪ್ಯಾಕ್‌ನಲ್ಲಿ ಇವೆಯೋ ಇಲ್ಲವೋ ಬರಹದಲ್ಲಿ ತಿಳಿಸಿ, "ಚೆಕ್ ಮಾಡ್ತೇವೆ" ಬೇಡ. ರೆಕಾರ್ಡಿಂಗ್ ರೇಸ್ ಮುಗಿಯುವ ತನಕ ನಡೆಯುವಂತೆ ಮಾಡಿ. ಆ್ಯಪ್‌ನಲ್ಲಿ ಬೆರಿಯನ್ನು 21ನೇ ಕಾರಿನಲ್ಲಿ ಕೂರಿಸಿ.

ಜೂನ್ 1ರಂದು ನ್ಯಾಶ್‌ವಿಲ್ ರೇಸ್. ಅಷ್ಟರೊಳಗೆ ಉತ್ತರ ಬರದಿದ್ದರೆ ಪ್ಯಾಕ್ ರದ್ದು ಮಾಡುತ್ತೇನೆ. ರದ್ದು ಮಾಡಲು ಫೋನ್ ಮಾಡಿದಾಗ ಆ ರಾತ್ರಿ ಪಾಳಿಯ ಹುಡುಗಿಗೇ ಲೈನ್ ಕೊಡಿ.

ಇಂತಿ,
ನಿಮ್ಮ ಆರು ವರ್ಷದ ಗ್ರಾಹಕ