ಒಂಬತ್ತು ದಿನ ತಾಳಿಕೊಂಡವರಿಗೆ

ಮಾರ್ಚ್ 31ರ ರಾತ್ರಿ ಹನ್ನೊಂದೂವರೆಗೆ ನಮ್ಮ ಪತ್ತಿನ ಸಹಕಾರಿ ಸಂಘದ ವರ್ಷದ ಲೆಕ್ಕ ತಾಳೆಯಾಯಿತು. ಗದಗಿನಲ್ಲಿ ಇದೇ ಸಂಘದ ವ್ಯವಸ್ಥಾಪಕಿಯಾಗಿ ಹಲವು ಮಾರ್ಚ್‌ಗಳನ್ನು ಕಂಡಿದ್ದೇನೆ. ಲೆಕ್ಕ ಮುಗಿಯುತ್ತದೋ ಇಲ್ಲವೋ ಎಂದು ನಿದ್ದೆಗೆಟ್ಟದ್ದು ಮಾತ್ರ ಇದೇ ಮೊದಲು. ಆದ್ದರಿಂದ ಕೆಲವರಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕಾಗಿದೆ. ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ. ಅದು ಕೆಲವು ಸದಸ್ಯರ ಕಿವಿಗೆ ಆಗಲೇ ಬಿದ್ದಿದೆ. ಎದುರಿನ ಚಹಾದಂಗಡಿಯವರಿಗಂತೂ ನನಗಿಂತ ಅರ್ಧ ಗಂಟೆ ಮೊದಲೇ ಗೊತ್ತಾಗಿತ್ತು ಎಂದು ನನ್ನ ಅನುಮಾನ.

ಮಾರ್ಚ್ 17ರ ಬೆಳಿಗ್ಗೆ ಕಚೇರಿ ತೆರೆದಾಗ ಒಂಬತ್ತು ಕಂಪ್ಯೂಟರ್‌ಗಳಲ್ಲಿ ಮೂರು ಒಳಕೋಣೆಯ ಸರ್ವರ್‌ಗೆ ಸೇರಲೇ ಇಲ್ಲ. ಖಾತೆ ತೆರೆಯದು, ಮುದ್ರಣ ಹೊರಡದು, ಇಂಟರ್ನೆಟ್ ಇಲ್ಲ. ಮರುದಿನ ಆ ಮೂರರಲ್ಲಿ ಎರಡು ತಾವಾಗಿಯೇ ಸರಿಹೋದವು, ಬೇರೆ ಮೂರು ಕೆಟ್ಟವು. ಆಫ್ ಮಾಡಿ ಆನ್ ಮಾಡಿದರೆ ಒಮ್ಮೆ ಸರಿಯಾಗುತ್ತಿತ್ತು, ಇನ್ನೊಮ್ಮೆ ಸರಿ ಇದ್ದದ್ದೂ ಕೆಡುತ್ತಿತ್ತು. ಪೂರ್ತಿ ಕೆಟ್ಟಿದ್ದರೆ ಯಾರನ್ನಾದರೂ ಕರೆಸಿ ತೋರಿಸಬಹುದಿತ್ತು. ಇದು ರಿಪೇರಿಯವರು ಬಂದಾಗ ಸರಿಯಾಗಿ, ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಕೆಡುವ ಜಾತಿಯದು. ನಮ್ಮ ಗುಮಾಸ್ತೆಯೊಬ್ಬಳು ಯುಪಿಎಸ್ ಮೇಲೆ ನಿಂಬೆಹಣ್ಣು ಇಟ್ಟಳು. ಬೈಯಲು ಬಾಯಿ ತೆರೆದವಳು ಸುಮ್ಮನಾದೆ.

ಏನೇನು ಮಾಡಿದೆವು ಎಂದು ಈಗ ನೆನೆದರೆ ನಗು ಬರುತ್ತದೆ. ಕೇಬಲ್ ಬದಲಿಸಿದೆವು. ಗೋಡೆಯ ಮೂಲೆಯಲ್ಲಿ ಇಲಿ ಕಡಿದ ಒಂದು ಕೇಬಲ್ ಸಿಕ್ಕಿದಾಗ ಕಳ್ಳ ಸಿಕ್ಕಿದ ಎಂದು ಪೇಡೆ ತರಿಸಿ ಹಂಚಿದೆ. ಪೇಡೆ ಮುಗಿಯುವ ಮೊದಲೇ ಠೇವಣಿ ಮೇಜಿನ ಕಂಪ್ಯೂಟರ್ ಮತ್ತೆ ಕೈಕೊಟ್ಟಿತು. ಎಲ್ಲ ಕೇಬಲ್‌ಗಳೂ ಬಂದು ಸೇರುವ ಸ್ವಿಚ್ ಪೆಟ್ಟಿಗೆಯನ್ನು ಹೊಸದಾಗಿ ಕೊಂಡೆವು. ಒಂದು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿದೆವು. ಬೇಡ ಎಂದು ರಿಪೇರಿಯವರೇ ಹೇಳಿದ್ದರು, ನಾನೇ ಹಠ ಹಿಡಿದೆ. ಅದರಲ್ಲಿ ನುಡಿ ತಂತ್ರಾಂಶವನ್ನು ಮತ್ತೆ ಹಾಕುವವರೆಗೆ ಸುಸ್ತಿದಾರರಿಗೆ ಬರೆದಿಟ್ಟಿದ್ದ ನೋಟೀಸುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಚಿಂದಿಯಂತೆ ಕಾಣುತ್ತಿದ್ದವು. ಸುಸ್ತಿದಾರರ ಅದೃಷ್ಟ.

ಮೊದಲ ನಮಸ್ಕಾರ ಇಂಟರ್ನೆಟ್ ಲೈನ್ ನೋಡಿಕೊಳ್ಳುವ ಹುಡುಗನಿಗೆ. ಮೂರು ಸಲ ಕರೆಸಿದೆ, ಮೂರು ಸಲವೂ ಬಂದ. ಹೊರಗಿನಿಂದ ಬರುವ ತಂತಿಯನ್ನು ತನ್ನ ಲ್ಯಾಪ್‌ಟಾಪ್‌ಗೆ ನೇರವಾಗಿ ಚುಚ್ಚಿ, ವೇಗ ಅಳೆದು ತೋರಿಸಿದ. "ಮೇಡಂ, ಲೈನ್ ಸರಿಯಾಗಿದೆ. ನಿಮ್ಮ ಕಚೇರಿಯ ಒಳಗೇ ಏನೋ ಇದೆ" ಎಂದು ಎರಡನೆಯ ದಿನವೇ ಹೇಳಿದ. ನಾನು ನಂಬಲಿಲ್ಲ. "ಎಲ್ಲರೂ ಹೀಗೇ ಹೇಳಿ ಜಾರಿಕೊಳ್ಳುತ್ತೀರಿ" ಎಂದು ಸಾಲಿನಲ್ಲಿ ನಿಂತಿದ್ದ ಸದಸ್ಯರ ಎದುರೇ ಅಂದುಬಿಟ್ಟೆ. ಅವನು ತಿರುಗಿ ಒಂದು ಮಾತೂ ಆಡದೆ ಬ್ಯಾಗು ಹೆಗಲಿಗೇರಿಸಿಕೊಂಡು ಹೋದ. ತಮ್ಮಾ, ಆ ಮಾತನ್ನು ಅಂದಷ್ಟೇ ಜನರ ಎದುರು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ನಮ್ಮ ನಿವೃತ್ತ ಕ್ಯಾಷಿಯರ್ ಅಜ್ಜನ ಋಣ ದೊಡ್ಡದು. ಸುದ್ದಿ ಕೇಳಿ ನಾಲ್ಕನೆಯ ದಿನ ಮಧ್ಯಾಹ್ನ ತಾವಾಗಿಯೇ ಬಂದರು, ಕಪಾಟಿನಿಂದ ಹಳೆಯ ಕೀರ್ದಿ ಪುಸ್ತಕ ತೆಗೆಸಿ ಧೂಳು ಒರೆಸಿದರು. "ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗ ಯಾವ ನೆಟ್‌ವರ್ಕ್ ಇತ್ತು?" ಎಂದು ನನ್ನನ್ನು ಕೇಳಿದರು. ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದಾಗಿ ನಮ್ಮೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ಆ ಸಂಘದ ಹೆಸರು ಹೇಳಿ ಗದಗಿನ ಸಹಕಾರಿಗಳನ್ನು ಎಂಥ ಹೊತ್ತಿನಲ್ಲೂ ನಾಚಿಸಬಹುದು. ಜಮಾ ಒಂದು ಬದಿ, ಖರ್ಚು ಒಂದು ಬದಿ, ದಿನದ ಕೊನೆಗೆ ಕೈಯಲ್ಲಿರುವ ನಗದು. ಅಲ್ಲಿಂದ ಖತಾವಣಿಗೆ, ಅಂದರೆ ಖಾತೆವಾರು ಪುಸ್ತಕಕ್ಕೆ, ಏರಿಸುವುದು. ಇದನ್ನು ಕಂಪ್ಯೂಟರ್ ಬಿಟ್ಟು ಬೇರೆ ಕಾಣದ ನಮ್ಮ ಹುಡುಗ ಹುಡುಗಿಯರಿಗೆ ದಿನವೂ ನಾಲ್ಕರಿಂದ ಎಂಟರವರೆಗೆ ಪಕ್ಕದಲ್ಲೇ ಕುಳಿತು ಕಲಿಸಿದರು. ಆ ದಿನಗಳ ಬರಹವನ್ನು ಆಮೇಲೆ ಕಂಪ್ಯೂಟರ್‌ಗೆ ಏರಿಸಿದಾಗ ಹತ್ತು ರೂಪಾಯಿ ವ್ಯತ್ಯಾಸ ಬಂತು. ಹುಡುಕಿದರೆ ತಪ್ಪು ಟೈಪ್ ಮಾಡಿದವರದು, ಅಜ್ಜನ ಪುಸ್ತಕದ್ದಲ್ಲ. ಅವರು ಇದನ್ನು ಇನ್ನು ಹತ್ತು ವರ್ಷ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ.

ಪಿಗ್ಮಿ ಸಂಗ್ರಹಿಸುವವರ ಪಾಡು ಹೊರಗಿನವರಿಗೆ ತಿಳಿಯದು. ದಿನವಿಡೀ ಅಂಗಡಿ ಅಂಗಡಿ ತಿರುಗಿ ಸಂಜೆ ಬಂದು ಕೈಯಂತ್ರವನ್ನು ಕಂಪ್ಯೂಟರ್‌ಗೆ ಜೋಡಿಸಬೇಕು; ಅಂದಿನ ಲೆಕ್ಕ ಒಳಗೆ ಹೋಗಬೇಕು, ನಾಳೆಯ ಪಟ್ಟಿ ಯಂತ್ರಕ್ಕೆ ಬರಬೇಕು. ಅದು ನಿಂತಾಗ ಕೈರಸೀದಿ ಬರೆದುಕೊಡುತ್ತ ಬೆಟಗೇರಿಯ ನೇಕಾರರ ಓಣಿಯಿಂದ ಮುಳಗುಂದ ನಾಕಾದವರೆಗೆ ತಿರುಗಿದರು. ಯಂತ್ರದ ಚೀಟಿ ಕಾಣದೆ "ಸಂಘಕ್ಕೆ ಏನಾಗಿದೆ?" ಎಂದು ಕೇಳಿದವರಿಗೆಲ್ಲ ನಿಂತು ಉತ್ತರ ಕೊಟ್ಟರು. ಪತ್ತಿನ ಸಂಘವೊಂದಕ್ಕೆ ಮಾರ್ಚ್ ತಿಂಗಳಲ್ಲಿ ಆ ಪ್ರಶ್ನೆ ಎಷ್ಟು ಅಪಾಯದ್ದು ಎಂದು ಬಲ್ಲವರೇ ಬಲ್ಲರು. ಒಬ್ಬ ಸದಸ್ಯರೂ ಗಾಬರಿಯಾಗಿ ಠೇವಣಿ ಮುರಿಯಲಿಲ್ಲ. ಅದು ಇವರ ಮುಖ ನೋಡಿ ಇಟ್ಟ ನಂಬಿಕೆ, ನನ್ನ ಮುಖ ನೋಡಿ ಅಲ್ಲ.

ಇನ್ನು ಆ ಹುಡುಗಿಯ ವಿಷಯ.

26ರಂದು ಹಿರಿಯ ಸದಸ್ಯರೊಬ್ಬರು ಠೇವಣಿ ನವೀಕರಿಸಲು ಮೊಮ್ಮಗಳ ಜೊತೆ ಬಂದಿದ್ದರು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ. ಒಂದು ತಾಸು ಕಾದಳು, ಆಮೇಲೆ ನನ್ನ ಮೇಜಿನ ಬಳಿ ಬಂದು "ನಾನು ಒಮ್ಮೆ ನೋಡಲೇ, ಮೇಡಂ? ಏನನ್ನೂ ಬದಲಿಸುವುದಿಲ್ಲ" ಎಂದಳು. ಕೊನೆಯ ಆ ಮಾತಿಗೇ ಒಪ್ಪಿಕೊಂಡೆ. ಆವರೆಗೆ ಬಂದವರೆಲ್ಲ ಬಂದ ಕೂಡಲೇ ಏನಾದರೊಂದನ್ನು ಬಿಚ್ಚಿದ್ದರು.

ಅವಳು ಹಣ ತುಂಬುವ ಚೀಟಿಯೊಂದನ್ನು ಮಗುಚಿ ಒಂಬತ್ತು ಸಾಲು ಹಾಕಿದಳು. ಒಂದೊಂದು ಕಂಪ್ಯೂಟರ್ ಮುಂದೆ ಕುಳಿತು, ಕಪ್ಪು ಕಿಟಕಿಯಲ್ಲಿ ಒಂದು ಆಜ್ಞೆ ಟೈಪ್ ಮಾಡಿ, ಅದರ ನೆಟ್‌ವರ್ಕ್ ವಿಳಾಸ ಬರೆದುಕೊಂಡಳು. ಐದು ಕಂಪ್ಯೂಟರ್‌ಗಳ ವಿಳಾಸ 192.168.1ರಿಂದ ಶುರುವಾಗುತ್ತಿತ್ತು, ನಾಲ್ಕರದು 192.168.0ರಿಂದ. ಸರ್ವರ್ ಇದ್ದದ್ದು ಮೊದಲನೆಯದರಲ್ಲಿ. "ಕಂಪ್ಯೂಟರ್ ಬೆಳಿಗ್ಗೆ ಎದ್ದ ಕೂಡಲೇ ನನಗೊಂದು ವಿಳಾಸ ಕೊಡಿ ಎಂದು ಕೂಗುತ್ತದೆ" ಎಂದು ವಿವರಿಸಿದಳು. "ಕಚೇರಿಯಲ್ಲಿ ಅದಕ್ಕೆ ಓಗೊಡುವ ಯಜಮಾನ ಒಬ್ಬನೇ ಇರಬೇಕು. ಇಲ್ಲಿ ಇಬ್ಬರಿದ್ದಾರೆ. ಯಾರು ಮೊದಲು ಓಗೊಟ್ಟರೋ ಅವರ ಓಣಿಗೆ ಹೋಗುತ್ತದೆ. ಎರಡನೆಯವನ ಓಣಿಯಲ್ಲಿ ಸರ್ವರ್ ಇಲ್ಲ, ಹೊರಗೆ ಹೋಗುವ ಬಾಗಿಲೂ ಇಲ್ಲ." ದಿನಕ್ಕೊಂದು ಕಂಪ್ಯೂಟರ್ ಏಕೆ ಕೆಡುತ್ತಿತ್ತು, ಆಫ್ ಮಾಡಿ ಆನ್ ಮಾಡಿದರೆ ಏಕೆ ಅದೃಷ್ಟ ತಿರುಗುತ್ತಿತ್ತು ಎಂಬುದೆಲ್ಲ ನನಗೆ ಒಂದೇ ಉಸಿರಿಗೆ ತಿಳಿಯಿತು.

"ತೊಂದರೆ ಶುರುವಾಗುವ ಮೊದಲು ಹೊಸದಾಗಿ ಏನಾದರೂ ಜೋಡಿಸಿದ್ದಿರಾ?" ಎಂದು ಕೇಳಿದಳು.

ಏನೂ ಇಲ್ಲ ಎಂದೆ. ಲೈನಿನ ಹುಡುಗನಿಗೂ, ರಿಪೇರಿಯವರಿಗೂ ಇದೇ ಉತ್ತರ ಕೊಟ್ಟಿದ್ದೆ, ಇಷ್ಟೇ ಗಟ್ಟಿಯಾಗಿ.

ಅವಳು ವಾದಿಸಲಿಲ್ಲ. ಕೆಟ್ಟ ಕಂಪ್ಯೂಟರ್ ಒಂದರಲ್ಲಿ ಆ ಎರಡನೆಯ ಯಜಮಾನನ ಯಂತ್ರಸಂಖ್ಯೆ ತೆಗೆದಳು. ನೆಟ್‌ವರ್ಕ್‌ಗೆ ಸೇರುವ ಪ್ರತಿ ಯಂತ್ರಕ್ಕೂ ಅಂಥದೊಂದು ಸಂಖ್ಯೆ ಇರುತ್ತದಂತೆ, ಅದರ ಮೊದಲ ಅರ್ಧ ತಯಾರಿಸಿದ ಕಂಪನಿ ಯಾವುದೆಂದು ಹೇಳುತ್ತದಂತೆ. ಕಂಪನಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಓದಿದಳು. ಆಮೇಲೆ ಮೊಬೈಲಿನಲ್ಲೇ ವೈಫೈ ಪಟ್ಟಿ ತೆರೆದು, ಕಚೇರಿಯಲ್ಲಿ ಅಡ್ಡಾಡುತ್ತ, ಯಾವುದರ ಬಲ ಎಲ್ಲಿ ಹೆಚ್ಚುತ್ತದೆ ಎಂದು ನೋಡಿದಳು. ದಾಖಲೆ ಕೋಣೆಯ ಬಾಗಿಲಲ್ಲಿ ನಿಂತು ತಿರುಗಿ, "ಮೇಡಂ, 'ಅವ್ವನ ಮನೆ' ಅಂದರೆ ಯಾರದು?" ಎಂದಳು.

ನನ್ನದು. ಮಗ ಬೆಂಗಳೂರಿಗೆ ಹೋಗುವ ಮೊದಲು ನಮ್ಮ ಮನೆಯ ವೈಫೈಗೆ ಇಟ್ಟ ಹೆಸರು ಅದು. ಮನೆಗೆ ಹೊಸ ರೌಟರ್ ಬಂದ ಮೇಲೆ ಹಳೆಯದು ಕಪಾಟಿನಲ್ಲಿತ್ತು. ಮಾರ್ಚ್ 16ರ ಸಂಜೆ, ಮರುದಿನ ಬರುವ ಲೆಕ್ಕ ಪರಿಶೋಧಕರಿಗೆ ದಾಖಲೆ ಕೋಣೆಯಲ್ಲಿ ವೈಫೈ ಸಿಗಲಿ ಎಂದು ಅದನ್ನು ತಂದು, ಕಾಣಿಸಿದ ತೂತಿಗೆ ಕೇಬಲ್ ಚುಚ್ಚಿದ್ದೆ. ಹೊರಗಿನ ಲೈನಿಗೆಂದೇ ಅದರಲ್ಲಿ ಬೇರೆ ತೂತು ಇರುತ್ತದೆ, ಅದರಲ್ಲಿ ಚುಚ್ಚಿದ್ದರೆ ಈ ಅನಾಹುತ ಆಗುತ್ತಿರಲಿಲ್ಲವಂತೆ. ಅಂದಿನ ಕಂಪ್ಯೂಟರ್‌ಗಳು ಬೆಳಿಗ್ಗೆಯೇ ವಿಳಾಸ ಪಡೆದಿದ್ದರಿಂದ ಸಂಜೆ ಏನೂ ಕೆಡಲಿಲ್ಲ. ಕೆಟ್ಟದ್ದು ಮರುದಿನ, ಎಲ್ಲವೂ ಹೊಸದಾಗಿ ಕೂಗಿದಾಗ. ಪರಿಶೋಧಕರಿಗೂ ಅದರಿಂದ ಇಂಟರ್ನೆಟ್ ಸಿಗಲಿಲ್ಲ. ತಮ್ಮ ಮೊಬೈಲಿನಲ್ಲೇ ಕೆಲಸ ಮುಗಿಸಿ ಹೋದರು. ನಾನು ಅದನ್ನು ಮರೆತೇಬಿಟ್ಟೆ. ಕಡತಗಳ ಹಿಂದೆ ಅದು ಹಸಿರು ದೀಪ ಮಿನುಗಿಸುತ್ತ ಹಗಲೂ ರಾತ್ರಿಯೂ ವಿಳಾಸ ಹಂಚುತ್ತಿತ್ತು.

ನಾನು ಸುಳ್ಳು ಹೇಳಿರಲಿಲ್ಲ. ಹೊಸದಾಗಿ ಏನು ಎಂದು ಕೇಳಿದಾಗ ಹೊಸ ಕಂಪ್ಯೂಟರ್, ಹೊಸ ತಂತ್ರಾಂಶ ಮಾತ್ರ ನೆನಪಿಗೆ ಬರುತ್ತಿತ್ತು. ಇದು ನನ್ನ ಮನೆಯ ಹಳೆಯ ಡಬ್ಬಿ, ಹೊಸದು ಹೇಗಾದೀತು?

ಕೇಬಲ್ ಕಿತ್ತು, ನಾಲ್ಕು ಕಂಪ್ಯೂಟರ್‌ಗಳಿಗೂ ಹಳೆಯ ವಿಳಾಸ ಬಿಡಿಸಿ ಹೊಸದು ಪಡೆಯುವಂತೆ ಮಾಡಲು ಅವಳಿಗೆ ಹತ್ತು ನಿಮಿಷ ಸಾಕಾಯಿತು. ಹಣ ಕೊಡಲು ಹೋದರೆ ಅವಳ ಅಜ್ಜನೇ ಕೈ ಅಡ್ಡ ಹಿಡಿದರು. ಕೊನೆಗೆ ಗಿರ್ಮಿಟ್ಟು, ಮಿರ್ಚಿ ತರಿಸಿದೆವು. ತಿನ್ನುವಾಗ ಅಜ್ಜನಿಗೆ ಅವಳು "ಮನೆಯ ಟಿವಿಯನ್ನು ಮಾತ್ರ ನನಗೆ ರಿಪೇರಿ ಮಾಡು ಎನ್ನಬೇಡ" ಎಂದದ್ದು ಕೇಳಿಸಿತು. ತಂಗಿ, ನೀನು ಬರೆದ ಒಂಬತ್ತು ಸಾಲಿನ ಚೀಟಿ ನನ್ನ ಮೇಜಿನ ಗಾಜಿನ ಕೆಳಗಿದೆ.

ನಮ್ಮ ಜವಾನನಿಗೂ ಒಂದು ಮಾತು ಸಲ್ಲಬೇಕು. 16ರ ರಾತ್ರಿ ಬಾಗಿಲು ಹಾಕುವಾಗ ಅವನು "ಅಕ್ಕಾರೇ, ಇದರ ಬಟನ್ನೂ ಆಫ್ ಮಾಡಲೇ?" ಎಂದು ಕೇಳಿದ್ದ. ಇರಲಿ ಬಿಡು ಎಂದವಳು ನಾನೇ. ಒಂಬತ್ತು ದಿನವೂ ಅವನು ಅದನ್ನು ಯಾರಿಗೂ ಹೇಳಲಿಲ್ಲ. 26ರಂದು ಮಾತ್ರ ಚಹಾ ತರಲು ಹೋದವನು ಬಹಳ ಹೊತ್ತು ಬರಲಿಲ್ಲ. ಅಂಗಡಿಯವರಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಲು ಹೋಗಿಲ್ಲ.

17ರಿಂದ 26ರವರೆಗೆ ಕೈರಸೀದಿ ಪಡೆದ ಸದಸ್ಯರು ಅದನ್ನು ಪಾಸ್‌ಬುಕ್ ಜೊತೆ ತಂದರೆ ನಮೂದು ಮಾಡಿಕೊಡುತ್ತೇವೆ. ಹಣವೆಲ್ಲ ಆಯಾ ದಿನಾಂಕಕ್ಕೇ ಜಮಾ ಆಗಿದೆ, ಬಡ್ಡಿ ಒಂದು ದಿನದ್ದೂ ತಪ್ಪಿಲ್ಲ. ಸಾಲು ಉದ್ದವಿದ್ದರೆ ನನ್ನ ಮೇಜಿಗೇ ಬನ್ನಿ.