‘ಬೇಡ’ ಅನ್ನುವ ಮೊದಲು ನಮಗೆ ಲೆಕ್ಕ ಕೊಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನಗೆ ಈಗ 68 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಏಳು ತಿಂಗಳಾಯಿತು. ಗಡ್ಡೆ ಇದ್ದ ಭಾಗ ಮಾತ್ರ ತೆಗೆದರು, ಸ್ತನ ಉಳಿಯಿತು. ಆಮೇಲೆ ಕೊಡುವ ರೇಡಿಯೇಷನ್ ನಾನು ತಗೊಳ್ಳಲಿಲ್ಲ. ಕ್ಯಾನ್ಸರ್ ಬೆಳೆಸುವ ಹಾರ್ಮೋನ್ ತಡೆಯುವ ಮಾತ್ರೆ, ‘ಹಾರ್ಮೋನ್ ಮಾತ್ರೆ’ ಅಂತಾರೆ, ಅದನ್ನು ಮಾತ್ರ ದಿನಾ ನುಂಗುತ್ತಿದ್ದೇನೆ. ಈ ತೀರ್ಮಾನಕ್ಕೆ ಬರುವಷ್ಟರಲ್ಲಿ ನಾನು ಪಟ್ಟ ಪಾಡು ಇನ್ನೊಬ್ಬ ಹೆಂಗಸಿಗೆ ಬೇಡ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಹಾಗೆ ಎಲ್ಲರೂ ಬೇಡ ಅನ್ನಲಿ ಅಂತ ನಾನು ಹೇಳುತ್ತಿಲ್ಲ. ನನ್ನ ಗಡ್ಡೆಗೆ ಸರಿ ಹೋದದ್ದು ಇನ್ನೊಬ್ಬರ ಗಡ್ಡೆಗೆ ಸರಿ ಹೋಗಲಾರದು. ನಾನು ಕೇಳುತ್ತಿರುವುದು ಬೇರೆ.

ಆಪರೇಷನ್ ಆಗಿ ಮೂರು ವಾರಕ್ಕೆ ರಿಪೋರ್ಟ್ ಬಂತು. ಡಾಕ್ಟರ್ ಒಳ್ಳೆಯವರೇ. ಆದರೆ ಬಾಗಿಲ ಹೊರಗೆ ದೊಡ್ಡ ಸಾಲಿತ್ತು. ‘ಗಡ್ಡೆ ಪೂರ್ತಿ ಹೊರಗೆ ಬಂದಿದೆ. ಕಂಕುಳಿನ ಗಂಟುಗಳಿಗೆ ಹರಡಿಲ್ಲ. ರೇಡಿಯೇಷನ್ ತಗೊಂಡ್ರೆ ಅದೇ ಜಾಗದಲ್ಲಿ ಮತ್ತೆ ಬರೋದು ಶೇಕಡಾ 90ರಷ್ಟು ಕಡಿಮೆಯಾಗುತ್ತೆ. ಸೋಮವಾರದಿಂದ ಶುರು ಮಾಡೋಣ’ ಅಂದರು. ಶೇಕಡಾ 90 ಅಂದ ಮೇಲೆ ಯಾರಾದರೂ ಬೇಡ ಅನ್ನುತ್ತಾರಾ? ಪೆನ್ನು ಕೈಗೆ ತಗೊಂಡಿದ್ದೆ. ಏನನ್ನಿಸಿತೋ, ‘ಮನೆಗೆ ಹೋಗಿ ಯೋಚನೆ ಮಾಡಿ ಹೇಳ್ತೀನಿ’ ಅಂದೆ.

ಅವರ ಮುಖ ಬಿಗಿಯಾಯಿತು. ಮೇಜಿನ ಖಾನೆಯಿಂದ ಇನ್ನೊಂದು ಫಾರಂ ಹೊರಗೆ ಬಂತು. ‘ವೈದ್ಯರ ಸಲಹೆಗೆ ವಿರುದ್ಧವಾಗಿ ಚಿಕಿತ್ಸೆ ನಿರಾಕರಿಸುತ್ತಿದ್ದೇನೆ. ಮುಂದೆ ಏನಾದರೂ ಆದರೆ ಅದಕ್ಕೆ ನಾನೇ ಹೊಣೆ’ ಅಂತ ಅದರಲ್ಲಿ ಅಚ್ಚಾಗಿತ್ತು. ಸಚಿವರೇ, ನಾನು ನಿರಾಕರಿಸಿರಲಿಲ್ಲ. ಯೋಚಿಸಲು ನಾಲ್ಕು ದಿನ ಕೇಳಿದ್ದೆ ಅಷ್ಟೇ. ಒಪ್ಪಿದವರಿಗೆ ಒಂದು ಫಾರಂ ಇತ್ತು, ಒಪ್ಪದವರಿಗೆ ಒಂದು ಫಾರಂ ಇತ್ತು. ಯೋಚನೆ ಮಾಡುವವರಿಗೆ ಅಲ್ಲಿ ಏನೂ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಳುತ್ತಾ ಕೂತಿದ್ದೆ. ಒಬ್ಬ ನರ್ಸ್ ಬಂದು ಪಕ್ಕದಲ್ಲಿ ಕೂತಳು. ನನ್ನ ರಿಪೋರ್ಟ್ ತಗೊಂಡು ನಿಧಾನವಾಗಿ ಓದಿದಳು. ಆಮೇಲೆ ಆ ಫಾರಂ ಮಗುಚಿ, ಅದರ ಹಿಂಬದಿಯಲ್ಲಿ ಚುಕ್ಕಿ ಇಡಲು ಶುರು ಮಾಡಿದಳು. ಹತ್ತು ಸಾಲು, ಸಾಲಿಗೆ ಹತ್ತು.

‘ಅಮ್ಮಾ, ಇವರು ನಿಮ್ಮಂಥ ನೂರು ಜನ. 65 ದಾಟಿದವರು. ಗಡ್ಡೆ ಮೂರು ಸೆಂಟಿಮೀಟರ್ ಒಳಗೆ, ಹಾರ್ಮೋನ್‌ಗೆ ಸ್ಪಂದಿಸುವಂಥದ್ದು. ಗಂಟಿಗೆ ಹರಡಿಲ್ಲ. ಎಲ್ಲರೂ ಹಾರ್ಮೋನ್ ಮಾತ್ರೆ ತಗೊಳ್ತಾರೆ, ರೇಡಿಯೇಷನ್ ತಗೊಳ್ಳಲ್ಲ ಅಂತಿಟ್ಕೊಳ್ಳಿ. ಹತ್ತು ವರ್ಷದಲ್ಲಿ ಇಷ್ಟು ಜನಕ್ಕೆ ಅದೇ ಸ್ತನದಲ್ಲಿ ಮತ್ತೆ ಬರುತ್ತೆ’ ಅಂತ ಒಂಬತ್ತು ಚುಕ್ಕಿಗೆ ಸುತ್ತು ಹಾಕಿದಳು. ಹತ್ತನೆಯದಕ್ಕೆ ಅರ್ಧ ಸುತ್ತು. ‘ರೇಡಿಯೇಷನ್ ತಗೊಂಡ್ರೆ ಒಬ್ಬರಿಗೆ.’ ಆಮೇಲೆ ಪೆನ್ನಿನ ತುದಿಯನ್ನು ಹಾಳೆಯ ಮೇಲೇ ಇಟ್ಟುಕೊಂಡು ಹೇಳಿದಳು. ‘ಹತ್ತು ವರ್ಷ ಆದ್ಮೇಲೆ ಬದುಕಿರೋರು ಈ ಕಡೆ 81, ಆ ಕಡೇನೂ 81. ತೀರಿಕೊಂಡವರಲ್ಲೂ ಹೆಚ್ಚಿನವರಿಗೆ ಕಾರಣ ಸ್ತನ ಕ್ಯಾನ್ಸರ್ ಅಲ್ಲ.’

ಇದು 2023ರಲ್ಲಿ ಪ್ರಕಟವಾದ ಪ್ರೈಮ್-2 ಅಧ್ಯಯನದ ಲೆಕ್ಕ. 1,326 ಮಹಿಳೆಯರು ಅದರಲ್ಲಿದ್ದರು. ರೇಡಿಯೇಷನ್ ಇಲ್ಲದವರಲ್ಲಿ ಶೇಕಡಾ 9.5, ಇದ್ದವರಲ್ಲಿ ಶೇಕಡಾ 0.9. ಅಂದರೆ ಡಾಕ್ಟರ್ ಹೇಳಿದ ‘ಶೇಕಡಾ 90 ಕಡಿಮೆ’ ಸುಳ್ಳಲ್ಲ. ನರ್ಸ್ ಬರೆದ ಚುಕ್ಕಿಗಳೂ ಸುಳ್ಳಲ್ಲ. ಎರಡೂ ಒಂದೇ ಲೆಕ್ಕ. ಆದರೆ ಮೊದಲನೆಯದು ಕೇಳಿ ನಾನು ಹೆದರಿದೆ. ಎರಡನೆಯದು ನೋಡಿ ನನಗೆ ಯೋಚನೆ ಮಾಡಲು ಆಯಿತು.

ಅದೇ ಚುಕ್ಕಿ ನೋಡಿ ಇನ್ನೊಬ್ಬಳು ‘ಒಂಬತ್ತು ಜನ ಅಂದ್ರೆ ನಂಗೆ ಜಾಸ್ತಿ ಆಯ್ತು, ರೇಡಿಯೇಷನ್ ಕೊಡಿ’ ಅನ್ನಬಹುದು. ಮತ್ತೊಂದು ಆಪರೇಷನ್ ನೆನೆಸಿಕೊಂಡರೇ ಅವಳಿಗೆ ನಿದ್ದೆ ಬರದಿರಬಹುದು. ಅವಳ ತೀರ್ಮಾನವೂ ಸರಿಯೇ. ನನ್ನ ಶ್ವಾಸಕೋಶ ಮೊದಲೇ ಅಷ್ಟಕ್ಕಷ್ಟೆ, ರೇಡಿಯೇಷನ್ ಅದಕ್ಕೂ ತಾಗೀತು ಅನ್ನುವ ಭಯ. ಹಾಗಾಗಿ ನಾನು ಬೇಡ ಅಂದೆ. ನಾಳೆ ಆ ಒಂಬತ್ತರಲ್ಲಿ ನಾನೂ ಒಬ್ಬಳಾಗಬಹುದು. ಗೊತ್ತಿದ್ದೇ ಒಪ್ಪಿಕೊಂಡಿದ್ದೇನೆ.

ಆ ಬೆಂಚಿನ ಮೇಲೆ ಇನ್ನೊಬ್ಬರಿದ್ದರು. ನಲವತ್ತರ ಆಸುಪಾಸಿನ ತಾಯಿ. ಅವರದು ಹರ್-2 ಪಾಸಿಟಿವ್ ಗಡ್ಡೆ, ಅಂದರೆ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇರುವಂಥದ್ದು. ಗಂಟುಗಳಿಗೂ ಹರಡಿತ್ತು. ‘ಆಪರೇಷನ್‌ನಲ್ಲಿ ಎಲ್ಲಾ ತೆಗೆದಾಯ್ತಲ್ಲ ಆಂಟಿ, ಇನ್ನೇನು? ನಾನೂ ಬೇಡ ಅಂತ ಬರೆದುಕೊಟ್ಟುಬಿಟ್ಟೆ’ ಅಂದರು. ಎದೆ ಧಸಕ್ ಅಂತು. ಕಣ್ಣಿಗೆ ಕಾಣುವ ಗಡ್ಡೆ ತೆಗೆದರೂ, ಯಾವ ಸ್ಕ್ಯಾನ್‌ಗೂ ಸಿಗದಷ್ಟು ಸಣ್ಣ ಕಣಗಳು ಮೊದಲೇ ಬೇರೆ ಕಡೆ ಹೋಗಿರಬಹುದು. ಆಪರೇಷನ್ ನಂತರದ ಕೀಮೋ, ಇಂಜೆಕ್ಷನ್, ಮಾತ್ರೆ ಇರುವುದೇ ಅದಕ್ಕೆ. ಅವರಂಥ ಗಡ್ಡೆಗೆ ಕೀಮೋ ಜೊತೆ ಟ್ರಾಸ್ಟುಜುಮ್ಯಾಬ್ ಅನ್ನುವ ಇಂಜೆಕ್ಷನ್ ಕೊಟ್ಟಾಗ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು ಅಂತ 2005ರಲ್ಲೇ ದೊಡ್ಡ ಪ್ರಯೋಗಗಳು ತೋರಿಸಿವೆ. ಅವರಿಗೂ ಯಾರಾದರೂ ಚುಕ್ಕಿ ಬರೆದು ತೋರಿಸಿದ್ದರೆ, ಆ ಹಾಳೆ ನನ್ನದರ ಹಾಗೆ ಇರುತ್ತಲೇ ಇರಲಿಲ್ಲ.

ಯಾಕೆ ಬೇಡ ಅಂದಿರಿ ಅಂತ ಕೇಳಿದೆ. ಕೂದಲು ಹೋಗುವ ಭಯ ಇರಬಹುದು ಅಂದುಕೊಂಡಿದ್ದೆ. ಅದಲ್ಲ. ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಮೂರು ವಾರಕ್ಕೊಮ್ಮೆ ಒಂದು ವರ್ಷ ಬರಬೇಕು, ಕೆಲಸದಲ್ಲಿ ಅಷ್ಟು ರಜೆ ಕೊಡುವುದಿಲ್ಲ. ‘ಇದನ್ನ ಡಾಕ್ಟರ್ ಹತ್ರ ಹೇಳಿದ್ರಾ?’ ಅಂದೆ. ‘ಅವರು ಕೇಳಲಿಲ್ಲ’ ಅಂದರು. ನನ್ನ ಹೆಸರು ಕೂಗಿದರು, ಎದ್ದು ಹೋದೆ. ವಾಪಸ್ ಬಂದಾಗ ಅವರು ಇರಲಿಲ್ಲ. ಮತ್ತೆ ಸಿಕ್ಕಿಲ್ಲ. ಅಂದಿನಿಂದ ಅವರನ್ನೇ ನೆನೆಯುತ್ತಿದ್ದೇನೆ.

ನಿಮ್ಮ ದಾಖಲೆಯಲ್ಲಿ ನಾನೂ ಅವರೂ ಒಂದೇ ಪಟ್ಟಿಯಲ್ಲಿ ಇರುತ್ತೇವೆ ಅಲ್ವಾ? ‘ಚಿಕಿತ್ಸೆ ನಿರಾಕರಿಸಿದವರು.’ ನಾನು ಬೇಡ ಅಂದದ್ದು ತಿಳಿದು. ಅವರು ಬೇಡ ಅಂದದ್ದು ಬೇರೆ ದಾರಿ ಕಾಣದೆ. ನನಗೆ ನೀವು ಏನೂ ಮಾಡಬೇಕಾಗಿಲ್ಲ. ಅವರ ವಿಷಯದಲ್ಲಿ ಮಾಡಬಹುದಾದದ್ದೆಲ್ಲಾ ನಿಮ್ಮ ಕೈಯಲ್ಲೇ ಇತ್ತು: ರಜೆಯ ನಿಯಮ, ಮಗು ಬಿಡಲು ಒಂದು ಕೋಣೆ, ಕೆಲಸಕ್ಕೆ ಹೋಗುವವರಿಗೆ ಸಂಜೆ ಪಾಳಿ. ದಿನಾ ಬರಲು ಆಗಲ್ಲ ಅಂತ ರೇಡಿಯೇಷನ್ ಬಿಡುವವರೂ ಇದ್ದಾರೆ. ವಾರಗಟ್ಟಲೆ ಕೊಡುತ್ತಿದ್ದುದನ್ನು ಹಲವರಿಗೆ ಒಂದೇ ವಾರದಲ್ಲಿ, ಐದು ಸಲಕ್ಕೆ ಮುಗಿಸಬಹುದು ಅಂತ 2020ರಲ್ಲಿ ಫಾಸ್ಟ್-ಫಾರ್ವರ್ಡ್ ಅಧ್ಯಯನ ತೋರಿಸಿದೆ. ಇದನ್ನು ಕೇಳಿದ್ದರೆ ಎಷ್ಟು ಮಂದಿ ‘ಹಾಗಾದ್ರೆ ಬರ್ತೀನಿ’ ಅನ್ನುತ್ತಿದ್ದರೋ.

ಒಂದು ಕಾಲದಲ್ಲಿ ಗಡ್ಡೆ ಪರೀಕ್ಷೆಗೆ ಅಂತ ಅರಿವಳಿಕೆ ಕೊಟ್ಟು, ಕ್ಯಾನ್ಸರ್ ಅಂತ ಗೊತ್ತಾದರೆ ಎಚ್ಚರವಾಗುವ ಮೊದಲೇ ಇಡೀ ಸ್ತನ ತೆಗೆದುಬಿಡುತ್ತಿದ್ದರು. 1974ರಲ್ಲಿ ರೋಸ್ ಕುಶ್ನರ್ ಅನ್ನುವ ಅಮೆರಿಕದ ಪತ್ರಕರ್ತೆ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ ಮಾತ್ರ ಮಾಡಿ, ಮುಂದಿನದನ್ನು ಯೋಚಿಸಿ ಹೇಳುತ್ತೇನೆ ಅಂದರು. ಹಾಗೆ ಮಾಡಲು ಒಪ್ಪುವ ಸರ್ಜನ್ ಹುಡುಕುವುದೇ ಅವರಿಗೆ ಕಷ್ಟವಾಯಿತಂತೆ. ಅವರು ಕೇಳಿದ್ದೂ ಯೋಚಿಸಲು ಸಮಯವನ್ನೇ.

ಮಾತ್ರೆಯ ವಿಷಯ ಹೇಳದೆ ಮುಗಿಸಲಾರೆ. ಯಾಕಂದರೆ ಜಾಸ್ತಿ ಜನ ಬೇಡ ಅನ್ನುವುದು ಇಲ್ಲೇ, ಅದೂ ಬಾಯಿಬಿಟ್ಟು ಹೇಳದೆ. ಐದು ವರ್ಷ ದಿನಾ ಒಂದು ಮಾತ್ರೆ. ಕೇಳಲು ಸುಲಭ. ನಾನು ತಗೊಳ್ಳುವ ಮಾತ್ರೆಯಿಂದ ಕೀಲು ನೋವು ಬರುತ್ತದೆ, ಮೂಳೆ ಸವೆಯುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಹಲ್ಲುಜ್ಜುವ ಬ್ರಷ್ ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಮೂರನೇ ತಿಂಗಳಲ್ಲಿ ಹನ್ನೊಂದು ದಿನ ಸುಮ್ನೆ ಬಿಟ್ಟುಬಿಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಬೈಯುತ್ತಾರೆ ಅನ್ನುವ ಹೆದರಿಕೆ. ಕೊನೆಗೆ ಅದೇ ನರ್ಸ್‌ಗೆ ಹೇಳಿದೆ. ಅವಳು ಬೈಯಲಿಲ್ಲ. ರೇಡಿಯೇಷನ್ ಬಿಟ್ಟ ಲೆಕ್ಕ ನಿಂತಿರುವುದೇ ಈ ಮಾತ್ರೆಯ ಮೇಲೆ ಅಂತ ನೆನಪಿಸಿದಳು. ಅದೇ ಗುಂಪಿನಲ್ಲಿ ಬೇರೆ ಮಾತ್ರೆ ಇದೆ, ಅದೂ ಆಗದಿದ್ದರೆ ಟ್ಯಾಮೊಕ್ಸಿಫೆನ್ ಇದೆ, ದಿನಾ ನಡೆದರೆ ನೋವು ಸ್ವಲ್ಪ ಇಳಿಯುತ್ತೆ ಅಂದಳು. ಡಾಕ್ಟರ್ ಮಾತ್ರೆ ಬದಲಾಯಿಸಿದರು. ಈಗ ಬೆರಳು ಪರವಾಗಿಲ್ಲ.

ಟ್ಯಾಮೊಕ್ಸಿಫೆನ್ ಅನ್ನೇ ಐದು ವರ್ಷ ತಗೊಂಡರೆ, ಹಾರ್ಮೋನ್‌ಗೆ ಸ್ಪಂದಿಸುವ ಕ್ಯಾನ್ಸರ್‌ನಿಂದ ಸಾಯುವುದು 15 ವರ್ಷದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ತಪ್ಪುತ್ತದೆ. ಇಷ್ಟು ಉಪಕಾರದ ಮಾತ್ರೆಯನ್ನು ಹೆಂಗಸರು ಹೇಳದೆ ಬಿಡುವಂಥ ವಾತಾವರಣ ಇರಬಾರದು, ಸಚಿವರೇ.

ಹೀಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ. ಆಪರೇಷನ್ ನಂತರದ ರಿಪೋರ್ಟ್ ಬಂದ ಮೇಲೆ, ಸಹಿಗೆ ಮೊದಲು, ಪ್ರತಿಯೊಬ್ಬರಿಗೂ ಅರ್ಧ ಗಂಟೆಯ ಒಂದು ಭೇಟಿ ಕಡ್ಡಾಯ ಮಾಡಿ. ಅದಕ್ಕೆ ದೊಡ್ಡ ಡಾಕ್ಟರೇ ಬೇಕಿಲ್ಲ, ತರಬೇತಿ ಆದ ನರ್ಸ್ ಸಾಕು. ಚಿಕಿತ್ಸೆ ತಗೊಂಡರೆ ನೂರರಲ್ಲಿ ಎಷ್ಟು ಜನ, ಬಿಟ್ಟರೆ ಎಷ್ಟು ಜನ ಅನ್ನುವುದನ್ನು ಅವರ ಭಾಷೆಯಲ್ಲೇ ಬರೆದು ಕೈಗೆ ಕೊಡಿ. ಅಡ್ಡ ಪರಿಣಾಮಗಳನ್ನೂ ಅದೇ ಹಾಳೆಯಲ್ಲಿ ಬರೆಯಿಸಿ. ತಿಂಗಳುಗಟ್ಟಲೆ ಮುಂದೂಡುವುದು ತಪ್ಪು, ಅದನ್ನೂ ಹೇಳಲಿ. ಆದರೆ ಸಾಮಾನ್ಯವಾಗಿ ಕೆಲವು ದಿನ ಯೋಚಿಸಲು ಸಮಯ ಇರುತ್ತದೆ. ಬೇಡ ಅಂದವರನ್ನು ‘ಯಾಕೆ?’ ಅಂತ ಕೇಳಿ, ಉತ್ತರ ಬರೆದುಕೊಳ್ಳುವುದು ಆಸ್ಪತ್ರೆಯ ಕೆಲಸವಾಗಲಿ. ಒಂದು ಚಿಕಿತ್ಸೆ ಬಿಟ್ಟವರ ತಪಾಸಣೆ, ಮ್ಯಾಮೊಗ್ರಾಮ್ ನಿಲ್ಲಬಾರದು. ಮನಸ್ಸು ಬದಲಾದರೆ ವಾಪಸ್ ಬರಲು ಬಾಗಿಲು ತೆರೆದಿರಬೇಕು.

ಆ ನರ್ಸ್ ಅಂದು ತನ್ನ ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತಿದ್ದಳು. ಅವಳ ಕೆಲಸದ ಪಟ್ಟಿಯಲ್ಲಿ ಅದು ಇರಲಿಲ್ಲ. ಚುಕ್ಕಿ ಇಟ್ಟ ಆ ಹಾಳೆ ನನ್ನ ಹತ್ತಿರವೇ ಇದೆ. ಅದರ ಎರಡೂ ಬದಿಯ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ದಯವಿಟ್ಟು ಮಗುಚಿ ನೋಡಿ.

ಇಂತಿ ನಮಸ್ಕಾರಗಳು,
ಚಿಕಿತ್ಸೆಯಲ್ಲಿರುವ ಒಬ್ಬ ಮಹಿಳೆ