ಮೆಲುಕು ನೋಡಿ ಹಿಂಡು ಬಿಡು, ಮಗಳೇ

ಮಗಳೇ,

ನಿನ್ನೆ ಫೋನಿನಲ್ಲಿ "ಈ ಚಳಿಗಾಲ ಹಿಂಡು ನಾನು ನೋಡಿಕೊಳ್ಳುತ್ತೇನೆ, ನೀನು ಸುಮ್ನೆ ಮಲಗಪ್ಪಾ" ಅಂದೆಯಲ್ಲ, ಆಗ ನನಗೆ ಮಾತೇ ಹೊರಡಲಿಲ್ಲ. ಫೋನ್ ನಿಮ್ಮವ್ವನ ಕೈಗೆ ಕೊಟ್ಟುಬಿಟ್ಟೆ. ನೀನು ಏನಂದುಕೊಂಡೆಯೋ. ಮೊಣಕಾಲಿನ ಆಪರೇಷನ್ ಆಗಿ ಇವತ್ತಿಗೆ ಆರು ದಿನ. ಇನ್ನೂ ಆರು ವಾರ ಹೊಲದ ಕಡೆ ಹೋಗುವ ಹಾಗಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಂಚದ ಮೇಲೆ ಕೂತು, ನರ್ಸ್ ಹತ್ತಿರ ನಾಲ್ಕು ಹಾಳೆ ಇಸಿದುಕೊಂಡು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲಾಗದ ಒಂದು ಮಾತಿದೆ. ಅದಕ್ಕೇ ಪತ್ರ. ಆದರೆ ಮೊದಲು ಕುರಿ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ.

ಹಿಂಡು ಈಗ ರೋಣದ ಆಚೆ ಎರೆ ಹೊಲದಲ್ಲಿದೆ. ಮಾವ ಜೊತೆಗಿದ್ದಾನೆ. 140 ಕುರಿ, 12 ಆಡು, ಎರಡು ಟಗರು. ನೀನು ರಜೆಗೆ ಬಂದಾಗ ಎರಡು ಮೂರು ದಿನ ಹಿಂಡಿನ ಹಿಂದೆ ತಿರುಗುತ್ತಿದ್ದೆ, ಅದು ಬೇರೆ. ಈಗ ರಾತ್ರಿಯೂ ನಿನ್ನದೇ, ಬೆಳಗೂ ನಿನ್ನದೇ.

ಚಳಿಗಾಲ ಕುರಿಗೆ ಸುಗ್ಗಿ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಮುಂಗಾರಿ ಬೆಳೆ ಕಟಾವಾಗಿರುತ್ತದೆ, ಹೊಲದಲ್ಲಿ ದಂಟು, ಸೊಪ್ಪು, ಉದುರಿದ ಕಾಳು ಎಲ್ಲ ಇರುತ್ತದೆ, ರೈತರೇ ಕರೆದು ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ ಗೊಬ್ಬರಕ್ಕೆ ಬೆಲೆ ಇದೆ. ನಿಜ. ಆದರೆ ಅದೇ ಹೊತ್ತಿಗೆ ಪಕ್ಕದ ಹೊಲದಲ್ಲಿ ಕಡಲೆ, ಗೋಧಿ, ಹಿಂಗಾರಿ ಜೋಳ ಹಸಿರಾಗಿ ನಿಂತಿರುತ್ತದೆ. ಮೇಯಲು ಸಿಗುವುದು ಹಸಿರಿನ ನಡುವೆ ಒಂದೊಂದು ತುಂಡು ನೆಲ ಅಷ್ಟೇ. ಬದು ದಾಟಿ ಹತ್ತು ಕುರಿ ಕಡಲೆಗೆ ಬಾಯಿ ಹಾಕಿದರೆ ಆ ಊರಿನ ಬಾಗಿಲು ನಮಗೆ ಮುಚ್ಚಿದ ಹಾಗೆ. ಅದಕ್ಕೆ ಬದುವಿನ ಕಡೆ ನೀನು ನಡಿ, ಹೊಲದ ಕಡೆ ಕುರಿ ನಡೆಯಲಿ. ಮಾವ ಮುಂದೆ ಇರಲಿ.

ಬೆಳಿಗ್ಗೆ ಬೇಗ ಬಿಡಬೇಡ. ಇದನ್ನು ನಿನಗೆ ಚಿಕ್ಕವಳಿದ್ದಾಗಿನಿಂದ ಹೇಳಿದ್ದೇನೆ, ಆದರೆ ಯಾಕೆ ಅಂತ ಹೇಳಿರಲಿಲ್ಲ. ಇಬ್ಬನಿ ಇರುವಾಗ ಜಂತಿನ ಮರಿಗಳು ಹುಲ್ಲಿನ ಎಲೆ ಹತ್ತಿ ಮೇಲೆ ಬಂದಿರುತ್ತವೆ, ಕುರಿ ಹುಲ್ಲಿನ ಜೊತೆ ಅದನ್ನೂ ತಿನ್ನುತ್ತದೆ. ತೊಯ್ದ ಹಸಿರು ಖಾಲಿ ಹೊಟ್ಟೆಗೆ ಹೋದರೆ ಹೊಟ್ಟೆಯೂ ಉಬ್ಬುತ್ತದೆ. ಬಿಸಿಲು ಬಂದು ಹುಲ್ಲು ಆರಲಿ. ಅಲ್ಲಿಯವರೆಗೆ ಒಣ ಶೇಂಗಾ ಹೊಟ್ಟು ಒಂದಿಷ್ಟು ಹಾಕು. ನೀರು ಮಧ್ಯಾಹ್ನ ಕುಡಿಸು, ಕಾಲುವೆ ನೀರು ಬೆಳಿಗ್ಗೆ ಬಹಳ ತಂಪು, ಅರ್ಧ ಕುರಿ ಬಾಯಿ ಮುಟ್ಟಿಸಿ ತಿರುಗಿ ಬರುತ್ತವೆ. ಚಳಿ ಅಂತ ನೀರು ಬಿಟ್ಟರೆ ಬಾಣಂತಿ ಕುರಿಗೆ ಹಾಲು ಬತ್ತುತ್ತದೆ.

ಹತ್ತಿ ಹೊಲಕ್ಕೆ ಬಿಡುವ ಮುಂಚೆ ರೈತರನ್ನು ಕೇಳು: ಔಷಧ ಯಾವಾಗ ಹೊಡೆದಿರಿ? ನಾಚಿಕೆ ಬೇಡ. ಜೋಳ ಕೊಯ್ದ ಹೊಲದಲ್ಲಿ ಬುಡದಿಂದ ಎಳೇ ಚಿಗುರು ಬಂದಿದ್ದರೆ ಅತ್ತ ಹಾಯಲೇಬೇಡ. ಆ ಚಿಗುರಿನಲ್ಲಿ ವಿಷ ಇರುತ್ತದೆ. ತಿಂದು ಗಳಿಗೆಯಲ್ಲೇ ನಡುಗಿ ಬೀಳುತ್ತವೆ, ಡಾಕ್ಟರ್ ಸೂಜಿ ಹಿಡಿದು ಓಡಿ ಬಂದರೂ ಕೆಲವು ಸಲ ಉಳಿಯುವುದಿಲ್ಲ.

ಈಗ ಮರಿಗಳ ಮಾತು. ಮುಂಗಾರಿನ ಹೊಸ ಹುಲ್ಲಿಗೆ ಗಬ್ಬವಾದ ಕುರಿಗಳು ಈಗ ಈಯುವ ಹೊತ್ತು, ಲೆಕ್ಕ ಹಾಕಿದರೆ 150 ದಿನ ಹೆಚ್ಚು ಕಡಿಮೆ. ಅಂದರೆ ಡಿಸೆಂಬರ್ ಚಳಿಯಲ್ಲೇ ಮರಿ ಬೀಳುತ್ತವೆ. ನಮ್ಮ ಕಡೆ ಹಿಮ ಬೀಳುವುದಿಲ್ಲ, ಆದರೆ ಬಾಗಲಕೋಟೆ, ವಿಜಯಪುರ ಕಡೆ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಬಯಲಲ್ಲಿ ಗಾಳಿ ಬೇರೆ. ಮೈ ತೊಯ್ದ ಮರಿಗೆ ಅಷ್ಟು ಚಳಿ ಸಾಕು, ಸತ್ತುಹೋಗುತ್ತದೆ. ಮರಿ ಬಿದ್ದ ಕೂಡಲೇ ತಾಯಿ ನೆಕ್ಕಲಿ, ತಾಯಿ ನೆಕ್ಕದಿದ್ದರೆ ನೀನು ಒಣ ಗೋಣಿಯಿಂದ ಜೋರಾಗಿ ಉಜ್ಜು. ಹೊಕ್ಕಳಿಗೆ ಟಿಂಚರ್ ಅಯೋಡಿನ್ ಹಚ್ಚು. ಎದ್ದು ನಿಲ್ಲುತ್ತಲೇ ಗಿಣ್ಣದ ಹಾಲು ಹೊಟ್ಟೆಗೆ ಹೋಗಲೇಬೇಕು. ಮೊದಲ ಒಂದೆರಡು ತಾಸಿನಲ್ಲಿ ಕುಡಿದ ಮರಿಗೂ ಬೆಳಿಗ್ಗೆ ಕುಡಿದ ಮರಿಗೂ ವ್ಯತ್ಯಾಸ ತಿಂಗಳವರೆಗೆ ಕಾಣುತ್ತದೆ.

ಒಂದು ಪರೀಕ್ಷೆ ಕಲಿತುಕೋ. ಮುತ್ಯಾ ನನಗೆ ಕಲಿಸಿದ್ದು. ಮರಿ ಸುಸ್ತಾಗಿ ಮಲಗಿದ್ದರೆ ಬೆರಳು ಬಾಯಿಯೊಳಗೆ ಇಡು. ಒಳಗೆ ಬೆಚ್ಚಗಿದ್ದರೆ ಹಸಿವು, ಹಾಲು ಕುಡಿಸು. ತಣ್ಣಗಿದ್ದರೆ ಹಾಲು ಹಾಕಬೇಡ, ಅದಕ್ಕೆ ನುಂಗುವ ಶಕ್ತಿ ಇರುವುದಿಲ್ಲ, ಹಾಲು ಪುಪ್ಪುಸಕ್ಕೆ ಹೋಗುತ್ತದೆ. ಮೊದಲು ಎದೆಗೆ ಅವಚಿಕೊಂಡು ಕಂಬಳಿಯೊಳಗೆ ಕೂತು ಬೆಚ್ಚಗೆ ಮಾಡು. ಬಾಯಿ ಬೆಚ್ಚಗಾಗಿ ಬೆರಳು ಚೀಪಲು ಶುರು ಮಾಡಿದ ಮೇಲೆ ಹಾಲು.

ಕಂಬಳಿ ಅಂದಾಗ ನೆನಪಾಯಿತು. ಮುತ್ಯಾನ ಕರಿ ಕಂಬಳಿ ಟ್ರಂಕಿನಲ್ಲಿದೆ, ಅದನ್ನೇ ಒಯ್ಯಿ. ನಿನ್ನ ಜಾಕೆಟ್ ಇಬ್ಬನಿಗೆ ಒದ್ದೆಯಾಯಿತು ಅಂದರೆ ಮುಗಿಯಿತು. ಕಂಬಳಿ ತೊಯ್ದರೂ ಬೆಚ್ಚಗಿರುತ್ತದೆ. ಕೊಪ್ಪೆ ಹಾಕಿಕೊಂಡರೆ ಗಾಳಿಯೂ ತಡೆಯುತ್ತದೆ. ಅದು ನಮ್ಮದೇ ಕುರಿಗಳ ಉಣ್ಣೆ. ಆಗೆಲ್ಲ ಉಣ್ಣೆಗೆ ಜನ ಮನೆ ಬಾಗಿಲಿಗೆ ಬರುತ್ತಿದ್ದರು. ಈಗ ಉಣ್ಣೆ ಕತ್ತರಿಸುವವರಿಗೆ ನಾವೇ ರೊಕ್ಕ ಕೊಟ್ಟು, ಆ ಉಣ್ಣೆಯನ್ನು ಬೇಲಿ ಪಕ್ಕ ಸುರಿದು ಬರುವ ಕಾಲ ಬಂದಿದೆ. ಎಷ್ಟೋ ಮಂದಿ ಕರಿ ಕುರಿ ಮಾರಿ ಉಣ್ಣೆ ಕಡಿಮೆ ಇರುವ, ಮಾಂಸ ಜಾಸ್ತಿ ಬರುವ ತಳಿ ತಂದರು. ತಪ್ಪು ಅನ್ನಲಾರೆ, ಮನೆ ನಡೆಯಬೇಕಲ್ಲ. ನನಗೆ ಮಾತ್ರ ಮನಸ್ಸು ಬರಲಿಲ್ಲ. ಈ ಸಲ ದೀಪಾವಳಿಗೆ ಮುಂಚೆಯೇ ಕತ್ತರಿಸಿದ್ದೇವೆ, ಚಳಿ ಬಲಿಯುವಷ್ಟರಲ್ಲಿ ಮೈ ಮೇಲೆ ಒಂದಿಷ್ಟು ಬೆಳೆದಿರಲಿ ಅಂತ. ಈಗ ಯಾರಾದರೂ ಕತ್ತರಿ ಹಿಡಿದು ಬಂದರೂ ಕಳಿಸಿಬಿಡು.

ಸಂಜೆ ಬೇವಿನ ಸೊಪ್ಪು ಹಾಕಿ ಹೊಗೆ ಮಾಡು. ಸಣ್ಣ ನೊಣಗಳು ಕಚ್ಚಿ ನೀಲಿ ನಾಲಿಗೆ ರೋಗ ತರುತ್ತವೆ, ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಅದು ಜಾಸ್ತಿ. ಮೂತಿ ಊದಿಕೊಂಡು ಜೊಲ್ಲು ಸುರಿಸುವ, ಕಾಲು ಎಳೆಯುವ ಕುರಿ ಕಂಡರೆ ಬೇರೆ ಕಟ್ಟಿ, ಡಾಕ್ಟರಿಗೆ ಫೋನ್ ಮಾಡಿ, ಅಲ್ಲಿಯವರೆಗೆ ತೆಳ್ಳಗೆ ಅಂಬಲಿ ಕುಡಿಸು.

ಇಷ್ಟೆಲ್ಲ ಮರೆತರೂ ಒಂದನ್ನು ಮಾತ್ರ ಮರೆಯಬೇಡ. ಬೆಳಿಗ್ಗೆ, ರಾತ್ರಿ ಹಿಂಡಿನ ಸುತ್ತ ಕಟ್ಟಿದ ಬಲೆ ಬಿಚ್ಚುವ ಮುಂಚೆ, ಹಿಂಡಿನ ಎದುರಿಗೆ ಸುಮ್ಮನೆ ನಿಲ್ಲು. ಎಣಿಸಬೇಡ, ಎಣಿಸುವುದು ಆಮೇಲೆ. ದವಡೆ ನೋಡು. ಮಲಗಿದ ಕುರಿ ಮೆಲುಕು ಹಾಕುತ್ತಿರಬೇಕು. ಮೆಲುಕು ಹಾಕದ ಕುರಿಯ ಮೇಲೆ ಕಣ್ಣಿಡು, ಅದಕ್ಕೆ ಏನೋ ಆಗಿರಬಹುದು, ಅದು ನಿನಗೆ ಇನ್ನೂ ಕಾಣದಿರಬಹುದು. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನಿಲ್ಲು ಅಂತ ಮುತ್ಯಾ ಹೇಳುತ್ತಿದ್ದ. ನೀನು ಚಹಾ ಕುಡಿಯುತ್ತಾ ನಿಲ್ಲು.

ಒಂದು ವರ್ಷ ನಾನು ನಿಲ್ಲಲಿಲ್ಲ. ಆ ಮಾತೇ ಈಗ ಬರೆಯಬೇಕಾಗಿರುವುದು.

ನೀನು ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಆ ಚಳಿಗಾಲ ನಮ್ಮ 17 ಕುರಿ ಸತ್ತವು. ಕರುಳುಬೇನೆ ಬಂದು ಸತ್ತವು ಅಂತ ಮನೆಯಲ್ಲಿ ಹೇಳಿದೆ. ಆ ಸಲ ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುವುದು ತಪ್ಪಿಹೋಗಿತ್ತು. ದೀಪಾವಳಿ ರಜೆಗೆ ಬಂದಾಗ ಪಶು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಾ ಅಂತ ನಿನಗೆ ಹೇಳಿದ್ದೆ. ನೀನು ಓದಿನ ಗಡಿಬಿಡಿಯಲ್ಲಿ ಮರೆತು ಹಾಸ್ಟೆಲ್‌ಗೆ ಹೋಗಿಬಿಟ್ಟೆ. ಸುದ್ದಿ ಕೇಳಿ ಫೋನಿನಲ್ಲಿ ಅತ್ತೆ. "ನನ್ನಿಂದಾಗಿ ಅಪ್ಪಾ" ಅಂದೆ. ನಾನು ಇಲ್ಲ ಅನ್ನಲಿಲ್ಲ. "ಆಯ್ತು ಬಿಡವ್ವಾ" ಅಂದೆ ಅಷ್ಟೇ.

ಅವು ಕರುಳುಬೇನೆಯಿಂದ ಸಾಯಲಿಲ್ಲ ಮಗಳೇ.

ನರಗುಂದದ ಕಡೆ ಒಬ್ಬರ ಗೋವಿನಜೋಳದ (ಮೆಕ್ಕೆಜೋಳದ) ಹೊಲದಲ್ಲಿ ಹಿಂಡು ತರುಬಿದ್ದೆ. ಹೊಲದ ಮೂಲೆಯಲ್ಲಿ ತೆನೆ ರಾಶಿ, ಮೇಲೆ ತಾಡಪತ್ರಿ. ಬಲೆಯ ಒಂದು ಕಡೆ ಹಗ್ಗ ಸವೆದಿತ್ತು. ಹಗಲೇ ನೋಡಿದ್ದೆ. ನಾಳೆ ಕಟ್ಟಿದರಾಯಿತು ಅಂದುಕೊಂಡೆ. ಅವತ್ತು ರಾತ್ರಿ ಕೈ ಬೆರಳು ಮಡಚಲಾಗದಷ್ಟು ಚಳಿ. ರೈತನ ಜೋಪಡಿಯಲ್ಲಿ ಬೆಂಕಿ ಇತ್ತು. ಅರ್ಧ ತಾಸು ಕಾಯಿಸಿಕೊಂಡು ಬರೋಣ ಅಂತ ಹೋದವನು ಅಲ್ಲೇ ಮಲಗಿದೆ. ನಡುರಾತ್ರಿ ನಾಯಿ ಬೊಗಳಿತು. ಕೇಳಿಸಿತು. ಏಳಲಿಲ್ಲ.

ಬೆಳಗಿನ ಜಾವ ಹೋಗಿ ನೋಡಿದರೆ ಬಲೆ ನೆಲಕ್ಕೆ ಬಿದ್ದಿದೆ, ತಾಡಪತ್ರಿ ಸರಿದಿದೆ, ಕಾಳು ಬಿಡಿಸಿದ ದಿಂಡು ಎಲ್ಲ ಕಡೆ. ಕುರಿಗಳು ಚೆನ್ನಾಗಿಯೇ ಇದ್ದವು. ಎದ್ದು ಓಡಾಡುತ್ತಿದ್ದವು. ಕಾಳು ತಿಂದ ಕೂಡಲೇ ಏನೂ ಕಾಣುವುದಿಲ್ಲ, ಹೊಟ್ಟೆಯೊಳಗೆ ಅದು ಹುಳಿಯಾಗುತ್ತಾ ಹೋಗುತ್ತದೆ, ಅರ್ಧ ದಿನ ಕಳೆದ ಮೇಲೆ ಗೊತ್ತಾಗುತ್ತದೆ. ನಾನು ಆಗ ಏನು ಮಾಡಿದೆ ಗೊತ್ತಾ? ಕುರಿ ನೋಡಲಿಲ್ಲ. ದಿಂಡು ಆರಿಸಿ ರಾಶಿಯ ಒಳಗೆ ಸೇರಿಸಿದೆ, ತಾಡಪತ್ರಿ ಎಳೆದು ಮುಚ್ಚಿದೆ. ರೈತ ನೋಡಿದರೆ ರೊಕ್ಕ ಮುರಿದುಕೊಳ್ಳುತ್ತಾನೆ ಅನ್ನುವ ಹೆದರಿಕೆ. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಹಿಂಡು ಬಿಟ್ಟೆ, ಕಾಲುವೆಗೆ ಹೊಡೆದುಕೊಂಡು ಹೋಗಿ ಹೊಟ್ಟೆ ತುಂಬ ನೀರೂ ಕುಡಿಸಿದೆ. ಅದೊಂದು ಮಾಡಬಾರದಿತ್ತು. ಆ ಗಳಿಗೆಯಲ್ಲಿ ಡಾಕ್ಟರಿಗೆ ಫೋನ್ ಮಾಡಿದ್ದರೆ, ನೀರು ತಡೆದು ಅಡುಗೆ ಸೋಡಾ ಕುಡಿಸಿದ್ದರೆ, ಎಷ್ಟೋ ಉಳಿಯುತ್ತಿದ್ದವು.

ಮಧ್ಯಾಹ್ನದ ಮೇಲೆ ಒಂದೊಂದೇ ನಿಂತವು. ಹಲ್ಲು ಕಡಿಯುತ್ತಿದ್ದವು. ಹೊಟ್ಟೆ ತಟ್ಟಿದರೆ ಒಳಗೆ ನೀರು ಅಲುಗಿದ ಸದ್ದು. ಒಂದಾದರೂ ಮೆಲುಕು ಹಾಕಲಿಲ್ಲ. ಮರುದಿನ ಡಾಕ್ಟರ್ ಬಂದು "ಏನು ತಿಂದವು?" ಅಂದರು. "ದಂಟು" ಅಂದೆ. ಅವರು ಸತ್ತ ಒಂದು ಕುರಿಯ ಹೊಟ್ಟೆ ಕೊಯ್ದು ನೋಡಿದರು. ಹುಳಿ ವಾಸನೆ, ಕಾಳು ಕಾಳಾಗಿಯೇ ಇತ್ತು. ಅವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಉಳಿದವಕ್ಕೆ ಔಷಧ ಕೊಟ್ಟು ಹೋಗುವಾಗ ಮಾತ್ರ "ನಿನ್ನೆಯೇ ಹೇಳಿದ್ದರೆ..." ಅಂದು ನಿಲ್ಲಿಸಿದರು. ನಾನೇ ಕೇಳಿದೆ, ಲಸಿಕೆ ಹಾಕಿಸಿದ್ದರೆ ಬದುಕುತ್ತಿದ್ದವಾ ಅಂತ. "ಇದಕ್ಕೆ ಯಾವ ಲಸಿಕೆಯೂ ಇಲ್ಲ" ಅಂದರು.

ಅಂದರೆ ನಿನ್ನ ತಪ್ಪು ಒಂದು ಕಾಳಿನಷ್ಟೂ ಇಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಆದರೂ ಹೇಳಲಿಲ್ಲ. ಊರಲ್ಲಿ, ನಿಮ್ಮವ್ವನ ಮುಂದೆ, ಮಲಗಿಬಿಟ್ಟಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ. ರೋಗ ಅಂದರೆ ಯಾರೂ ಮತ್ತೆ ಕೇಳುವುದಿಲ್ಲ. ಆಮೇಲೆ ನೀನು ಸ್ಕಾಲರ್‌ಶಿಪ್ ರೊಕ್ಕ ತಂದು ನನ್ನ ಕೈಯಲ್ಲಿಟ್ಟೆ. "ಎರಡು ಕುರಿ ತಗೋ ಅಪ್ಪಾ" ಅಂದೆ. ನಾನು ತಗೊಂಡೆ. ಅದೇ ನನಗೆ ಇಷ್ಟು ವರ್ಷ ಚುಚ್ಚುತ್ತಿದೆ, ಸತ್ತ ಕುರಿಗಿಂತ ಜಾಸ್ತಿ.

ನಿನ್ನೆ ನೀನು ಹಿಂಡು ನೋಡಿಕೊಳ್ಳುತ್ತೇನೆ ಅಂದಾಗ ನಡುವೆ ಒಂದು ಮಾತು ಅಂದೆ. "ಈ ಸಲ ಲಸಿಕೆ ಮರೆಯಲ್ಲಪ್ಪಾ" ಅಂದೆ. ಇನ್ನೂ ಹೊತ್ತುಕೊಂಡೇ ಇದ್ದೀಯ ಅಂತ ನನಗೆ ಆಗ ಗೊತ್ತಾಯಿತು. ಇಳಿಸಿಬಿಡವ್ವಾ. ಅದು ನನ್ನದು. ನಿಮ್ಮವ್ವನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಆಕೆಗೆ ಮೊದಲು ಬರಿ" ಅಂದಳು.

ನಿನಗೆ ಸಿಟ್ಟು ಬಂದರೆ ಬರಲಿ, ಫೋನ್ ಮಾಡಿ ಬೈದರೂ ಕೇಳುತ್ತೇನೆ. ಆದರೆ ನಿನ್ನ ಕಾಲದಲ್ಲಿ ಹಿಂಡಿಗೆ ಏನಾದರೂ ಆದರೆ, ನಿನ್ನ ಕೈಯಿಂದಲೇ ಆದರೂ, ಮುಚ್ಚಿಡಬೇಡ. ಆ ಕ್ಷಣ ಮಾವನಿಗೆ ಹೇಳು, ಡಾಕ್ಟರಿಗೆ ಹೇಳು, ನನಗೆ ಹೇಳು. ನಾನು ಬೈಯುವುದಿಲ್ಲ.

ಟ್ರಂಕಿನ ಎಡಗಡೆ ಕೆಂಪು ಡಬ್ಬಿಯಲ್ಲಿ ಸೋಡಾ ಇದೆ. ಕಾಳು ಜಾಸ್ತಿ ತಿಂದ ಕುರಿಗೆ ಸುಮಾರು 20 ಗ್ರಾಂ ಸೋಡಾ ನೀರಲ್ಲಿ ಕಲಸಿ ಕುಡಿಸು, ತಲೆ ಬಹಳ ಮೇಲೆ ಎತ್ತಬೇಡ, ನೆತ್ತಿಗೇರುತ್ತದೆ. ಡಾಕ್ಟರ್ ನಂಬರ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದೇನೆ. ಹೊಸ ಬಲೆ ಹಗ್ಗವೂ ಅಲ್ಲೇ ಇದೆ, ಹೋದ ದಿನವೇ ನಾಲ್ಕೂ ಮೂಲೆ ಬದಲಾಯಿಸು. ತೆನೆ ರಾಶಿ ಇರುವ ಹೊಲ ಯಾರು ಎಷ್ಟು ಕೊಡುತ್ತೇನೆ ಅಂದರೂ ಬೇಡ.

ಚುಕ್ಕಿ ಈ ವಾರ ಈಯುವ ಹಾಗಿದೆ. ಹೊಟ್ಟೆ ನೋಡಿದರೆ ಅವಳಿ ಇರಬೇಕು. ನಿನ್ನ ಸ್ಕಾಲರ್‌ಶಿಪ್ ರೊಕ್ಕದಲ್ಲಿ ತಂದ ಕುರಿಯ ಮೊಮ್ಮಗಳು ಅದು. ದಿನಾ ಸಂಜೆ ಒಂದು ಹಿಡಿ ನೆನೆಸಿದ ಹುರುಳಿ ಅದಕ್ಕೆ ಬೇರೆ ಹಾಕು. ರಾತ್ರಿ ಎಷ್ಟು ಹೊತ್ತಾದರೂ ಸರಿ, ಮರಿ ಎದ್ದು ಹಾಲು ಕುಡಿದ ಮೇಲೆ ನನಗೆ ಫೋನ್ ಮಾಡು. ನಾನು ಎಚ್ಚರ ಇರುತ್ತೇನೆ.

ನಿನ್ನ ಅಪ್ಪ